ಗಾಡಿಯ ಚಾವಿ: ಪೋಷಕರಿಗೆ ಒಂದು ಪತ್ರ

ನಮ್ಮ ಶಾಲೆಯ ಎಲ್ಲ ತಂದೆ ತಾಯಿಗಳಿಗೆ ನಮಸ್ಕಾರ.

ಹದಿನೈದು ದಿನದ ಹಿಂದೆ, ಒಂದು ರವಿವಾರ ಸಂಜೆ, ನಮ್ಮ ಹತ್ತನೇ ತರಗತಿಯ ಹುಡುಗನೊಬ್ಬ ನವನಗರದ ಸೆಕ್ಟರ್ ರಸ್ತೆಯಲ್ಲಿ ಕಾಕಾನ ಬೈಕ್ ಓಡಿಸುತ್ತಾ ಒಬ್ಬ ಹೆಣ್ಣುಮಗಳಿಗೆ ಗುದ್ದಿದ. ನಿಮ್ಮಲ್ಲಿ ಬಹಳ ಜನರಿಗೆ ಈ ಸುದ್ದಿ ಮುಟ್ಟಿದೆ. ಮೊಬೈಲಿನಲ್ಲಿ ಓಡಾಡಿದ ವಿಡಿಯೊ ನೋಡಿದವರೂ ಇದ್ದೀರಿ. ಹುಡುಗನ ಹೆಸರು ಇಲ್ಲಿ ಬರೆಯುವುದಿಲ್ಲ. ನೀವೂ ಮಕ್ಕಳ ಮುಂದೆ ಆ ಹೆಸರು ಹಿಡಿದು ಮಾತಾಡಬೇಡಿ. ಎರಡೂ ಮನೆಯವರನ್ನು ಕೇಳಿ, ಅವರು ಹೂಂ ಅಂದ ಮೇಲೆ ಇಷ್ಟನ್ನು ಬರೆಯುತ್ತಿದ್ದೇನೆ.

ನವನಗರದ ರಸ್ತೆಗಳು ನಿಮಗೆ ಗೊತ್ತೇ ಇವೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆಗಳು ಹೋದಾಗ ಇಲ್ಲಿ ಸೆಕ್ಟರ್ ಹಾಕಿ, ಅಗಲವಾದ ನೇರ ರಸ್ತೆ ಮಾಡಿ ಹೊಸ ಊರು ಕಟ್ಟಿದರು. ಹಳೇ ಬಾಗಲಕೋಟೆಯ ಓಣಿಗಳಲ್ಲಿ ಜೋರಾಗಿ ಹೋಗಬೇಕೆಂದರೂ ಜಾಗ ಇರುವುದಿಲ್ಲ. ಇಲ್ಲಿ ರಸ್ತೆಯೇ ಬಾ ಎಂದು ಕರೆಯುತ್ತದೆ. ಆ ಸಂಜೆ ಇಬ್ಬರು ಹುಡುಗರು, ಎರಡು ಗಾಡಿ. ಮುಂದಿನ ಸರ್ಕಲ್ ತನಕ ಯಾರು ಮೊದಲು ಅನ್ನೋದು ಆಟ. ರಸ್ತೆ ಬದಿಗೆ ಒಂದು ಟೆಂಪೊ ನಿಂತಿತ್ತು. ಅದರ ಹಿಂದಿನಿಂದ ಆ ತಾಯಿ ರಸ್ತೆ ದಾಟಲು ಬಂದರು. ಗಿರಣಿಯಿಂದ ಜೋಳದ ಹಿಟ್ಟು ಬೀಸಿಸಿಕೊಂಡು ಮನೆಗೆ ಹೊರಟಿದ್ದರು. ಹುಡುಗ ಹ್ಯಾಂಡಲ್ ತಿರುವಿದ. ಗಾಡಿ ನೇರವಾಗಿ ಬಡಿಯಲಿಲ್ಲ, ಲೆಗ್ ಗಾರ್ಡ್ ಕಾಲಿಗೆ ಹೊಡೆಯಿತು. ಮೊಣಕಾಲಿನ ಕೆಳಗಿನ ಎರಡೂ ಎಲುಬು ಮುರಿದವು.

ಜೊತೆಗಿದ್ದವನು ಗಾಡಿ ತಿರುಗಿಸಿಕೊಂಡು ಹೋದ. ನಮ್ಮ ಹುಡುಗ ಹೋಗಲಿಲ್ಲ. ಇದನ್ನು ನಾನು ಮರೆಯುವುದಿಲ್ಲ, ನೀವೂ ಮರೆಯಬೇಡಿ. ಒಬ್ಬ ಆಟೊದವರು ನಿಂತು, ಇಬ್ಬರನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದರು. ಹುಡುಗ ದಾರಿಯುದ್ದಕ್ಕೂ ಆ ತಾಯಿಯ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದನಂತೆ.

ಮರುದಿನ ನಾನು ಹುಡುಗನ ಮನೆಗೆ ಹೋದೆ. ತಂದೆ ಹೊರಗೆ ಕಟ್ಟೆ ಮೇಲೆ ಕೂತಿದ್ದರು. “ನಸೀಬ ಸರ್, ಏನ್ ಮಾಡೂದು. ಆಕ್ಸಿಡೆಂಟ್ ಆತು” ಅಂದರು. ಒಳಗಿನಿಂದ ಅಜ್ಜಿ, “ಆಕೀನ ಅಡ್ಡ ಬಂದಾಳಂತ್ರಿ” ಅಂದರು. ತಾಯಿ ಅಳುತ್ತಾ, “ಅವಂಗ ನೆನಪ್ ಮಾಡಬ್ಯಾಡ್ರಿ ಸರ್, ನಿನ್ನಿಯಿಂದ ಉಂಡಿಲ್ಲ” ಅಂದರು. ಯಾರದೂ ಕೆಟ್ಟ ಮನಸ್ಸಲ್ಲ. ಮಗ ನೋಯಬಾರದು ಅಂತ ಅಷ್ಟೇ. ಹುಡುಗ ಗೋಡೆಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಅವನ ಬೂಟು. ಬೂಟಿನ ಹೊಲಿಗೆಯೊಳಗೆ ಜೋಳದ ಹಿಟ್ಟು ಸೇರಿ ಗಟ್ಟಿಯಾಗಿತ್ತು. ಅದನ್ನು ಅವನು ತೊಳೆದಿರಲಿಲ್ಲ, ಯಾರಿಗೂ ತೊಳೆಯಲು ಕೊಟ್ಟೂ ಇರಲಿಲ್ಲ.

ನಮ್ಮ ಮಾತಿನಲ್ಲಿ ಒಂದು ರೂಢಿ ಇದೆ. ಅಪಘಾತ ‘ಆಯ್ತು’ ಅನ್ನುತ್ತೇವೆ. ಕಾಲು ‘ಮುರಿಯಿತು’ ಅನ್ನುತ್ತೇವೆ. ಮಳೆ ಆಯ್ತು, ಸಂಜೆ ಆಯ್ತು ಅಂದ ಹಾಗೆ. ಮಾಡಿದವರು ಯಾರು ಅನ್ನೋದು ಆ ಮಾತಿನೊಳಗೆ ಇರುವುದೇ ಇಲ್ಲ. ಟೈರ್ ಒಡೆದು ಗಾಡಿ ಉರುಳಿದರೆ ‘ಆಯ್ತು’ ಸರಿ. ರೇಸ್ ಕಟ್ಟಿ, ಎಪ್ಪತ್ತರಲ್ಲಿ ಬಂದು, ನಡೆದು ಹೋಗುತ್ತಿದ್ದವರಿಗೆ ಗುದ್ದಿದರೆ ಅದು ಆದದ್ದಲ್ಲ, ಮಾಡಿದ್ದು. ಬೇಕೆಂದು ಮಾಡಿದ್ದಲ್ಲ, ಒಪ್ಪುತ್ತೇನೆ. ಆದರೂ ಮಾಡಿದ್ದೇ.

ಇದನ್ನು ಹೇಳುವ ಹಕ್ಕು ನನಗೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅದಕ್ಕೇ ನನ್ನ ಒಂದು ಮಾತನ್ನು ನಿಮ್ಮ ಮುಂದೆ ಇಡಬೇಕಾಗಿದೆ. ನನ್ನ ಹೆಂಡತಿಗೆ ಬಿಟ್ಟರೆ ಈವರೆಗೆ ಯಾರಿಗೂ ಹೇಳಿಲ್ಲ.

1992ರಲ್ಲಿ ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಗೆಳೆಯನ ಹತ್ತಿರ ಒಂದು ಯಜ್ದಿ ಇತ್ತು. ಬೀಳಗಿ ರಸ್ತೆಯಲ್ಲಿ ಬೆಳಿಗ್ಗೆ ಅದನ್ನು ಓಡಿಸುವ ಖುಷಿ ಇನ್ನೂ ನೆನಪಿದೆ. ಎರಡೂ ಕಡೆ ಜೋಳದ ಹೊಲ, ಕಿವಿಯಲ್ಲಿ ಗಾಳಿ, ಕೈಯಲ್ಲಿ ಎಕ್ಸಿಲೇಟರ್. ವೇಗದಲ್ಲಿ ಖುಷಿ ಇಲ್ಲ ಎಂದು ಮಕ್ಕಳಿಗೆ ಸುಳ್ಳು ಹೇಳಬೇಡಿ, ಅವರು ನಂಬುವುದಿಲ್ಲ. ಒಂದು ತಿರುವಿನಲ್ಲಿ ಸೈಕಲ್ ಮೇಲೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದ ಹಿರಿಯರೊಬ್ಬರಿಗೆ ಗುದ್ದಿದೆ. ಹಾಲು ರಸ್ತೆಯ ಮೇಲೆ ಹರಿಯಿತು. ಅವರು ಎದ್ದು ಕೂತು ಮೊದಲು ಕ್ಯಾನ್ ನೋಡಿದರು, ಆಮೇಲೆ ತಮ್ಮ ಕೈ ನೋಡಿದರು. ಬಲ ಮೊಣಕೈ ಮುರಿದಿತ್ತು.

ನಮ್ಮ ತಂದೆ ಊರ ಹಿರಿಯರನ್ನು ಕರೆದುಕೊಂಡು ಹೋಗಿ ಸಾವಿರದ ಐನೂರು ರೂಪಾಯಿ ಕೊಟ್ಟು ರಾಜಿ ಮಾಡಿಸಿದರು. ನಾನು ಜೊತೆಗೆ ಬರುತ್ತೇನೆ ಅಂದೆ. “ನೀ ಯಾಕ, ಸುಮ್ನ ಓದ್ಕೋ ಹೋಗು. ಮುಗೀತದು” ಅಂದರು. ಅವರ ಪಾಲಿಗೆ ಮುಗಿಯಿತು.

2008ರ ಚುನಾವಣೆಯ ಡ್ಯೂಟಿ ನನಗೆ ಆ ಹಾಲಿನ ಹಿರಿಯರ ಊರಿಗೇ ಬಿತ್ತು. ಹಿಂದಿನ ದಿನ ಸಂಜೆ, ಮತಗಟ್ಟೆಯ ಕೆಲಸ ಮುಗಿಸಿ, ಆ ಮನೆ ಕೇಳಿಕೊಂಡು ಹೋದೆ. ಅವರು ತೀರಿಕೊಂಡಿದ್ದರು. ಮಗ ನೀರು ಕೊಟ್ಟು ಮಾತಾಡಿಸಿದ. “ಅಪ್ಪಾಗ ಬಲಗೈ ಮಡಚಾಕ ಬರ್ತಿರಲಿಲ್ರಿ ಸರ್. ಯಾರೋ ಹುಡುಗ ಗಾಡಿ ತಂದು ಹಾಯ್ಸಿದ್ನಂತ. ಕಡೀತನಕ ಎಡಗೈಲೇ ಉಂಡ್ರು.” ಎಡಗೈಯಲ್ಲಿ ಊಟ ಮಾಡುವುದೆಂದರೆ ನಮ್ಮ ಕಡೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಇದ್ದಷ್ಟೂ ವರ್ಷ, ಮದುವೆ ಮನೆಯ ಪಂಕ್ತಿಯಲ್ಲಿ, ಜಾತ್ರೆಯಲ್ಲಿ, ಬೀಗರ ಮುಂದೆ. ಆ ಹುಡುಗ ನಾನೇ ಎಂದು ಹೇಳಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ನೀರು ಕುಡಿದು ಎದ್ದು ಬಂದೆ.

ತಂದೆಯವರು ದುಡ್ಡು ಕೊಟ್ಟು ನನ್ನನ್ನು ಉಳಿಸಿದರು. ಹೇಳಬೇಕಾದ ಹೊತ್ತಿನಲ್ಲಿ ಆ ಬಾಗಿಲಿಗೆ ನನ್ನನ್ನು ಕರೆದೊಯ್ದಿದ್ದರೆ ಇನ್ನೂ ಜಾಸ್ತಿ ಉಳಿಸಿದಂತಾಗುತ್ತಿತ್ತು. ಈ ಹುಡುಗನ ಬೂಟು ನೋಡಿದಾಗ ನನಗೆ ಆ ಹಾಲು ನೆನಪಾಯಿತು.

ಅದಕ್ಕೇ ಅವನ ತಂದೆ ತಾಯಿಯನ್ನು ಒಪ್ಪಿಸಿದೆ. ಪೊಲೀಸ್ ಕೇಸ್ ಆಗಿದೆ, ಅದು ಅದರ ದಾರಿಯಲ್ಲಿ ನಡೆಯುತ್ತದೆ. ಆಸ್ಪತ್ರೆ ಖರ್ಚು ಕಾಕಾ ಕೊಡುತ್ತಿದ್ದಾರೆ. ಇವೆರಡೂ ಬೇರೆ. ಆ ತಾಯಿ ಮನೆಗೆ ಬಂದ ಮೂರನೇ ದಿನ, ಅವರ ಮನೆಯವರನ್ನು ಕೇಳಿ, ಹುಡುಗ, ಅವನ ತಂದೆ, ನಾನು ಮೂವರೂ ಹೋದೆವು.

ಅವರು ಖಾನಾವಳಿಗೆ ಖಡಕ್ ರೊಟ್ಟಿ ಮಾಡಿಕೊಡುವವರು. ನೆಲದ ಮೇಲೆ ಕೂತು ರೊಟ್ಟಿ ಬಡಿಯುವ ಕೆಲಸ ಅದು. ರಾಡ್ ಹಾಕಿದ ಕಾಲು ಮಡಚುವಂತಿಲ್ಲ. ಹಂಚು ಗೋಡೆಗೆ ಒರಗಿಸಿ ಇಟ್ಟಿದ್ದರು. ಒಲೆಯಲ್ಲಿ ಬೂದಿಯೂ ಇರಲಿಲ್ಲ, ಗುಡಿಸಿ ಸಾರಿಸಿದ್ದರು. ಆ ಒಲೆ ಸದ್ಯಕ್ಕೆ ಉರಿಯುವುದಿಲ್ಲ ಎಂದು ಅದನ್ನು ನೋಡಿದರೇ ಗೊತ್ತಾಗುತ್ತಿತ್ತು. ಹುಡುಗ ಬಾಗಿಲ ಹತ್ತಿರ ನಿಂತು ಬಹಳ ಹೊತ್ತು ಆ ಹಂಚನ್ನೇ ನೋಡಿದ. ಆಮೇಲೆ, “ಅಕ್ಕಾರ, ನಾನ ಗುದ್ದೀನ್ರಿ. ರೇಸ್ ಹಚ್ಚಿದ್ವಿ. ನನ್ನದ ತಪ್ಪು” ಅಂದ.

ಆ ತಾಯಿ ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸಲಿ ಎಂದು ನಾವು ಕೇಳಲು ಹೋಗಿರಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಆಟೋದಾಗ ನನ್ನ ತಲಿ ಹಿಡ್ಕೊಂಡಿದ್ದಂವ ನೀನ ಏನಪಾ?” ಎಂದು ಕೇಳಿದರು. ಹೌದು ಅಂದ. “ಉಂಡಿಯಿಲ್ಲ?” ಎಂದರು. ಅವನು ಅಲ್ಲೇ ಕುಸಿದು ಕೂತ. ಅಂದು ರಾತ್ರಿ ಮನೆಯಲ್ಲಿ ಊಟ ಮಾಡಿದನಂತೆ.

ಇನ್ನು ಒಂದು ಲೆಕ್ಕ. ನಾನು ವಿಜ್ಞಾನ ಹೇಳುವ ಮಾಸ್ತರ, ಇದನ್ನು ಬಿಡಲಾರೆ. “ಆಕೀನ ಅಡ್ಡ ಬಂದ್ಲು ಅಂತ ಎಲ್ಲಾರೂ ಅಂತಾರ್ರಿ ಸರ್, ಖರೇ ಏನ್ರಿ?” ಎಂದು ಹುಡುಗನೇ ನನ್ನನ್ನು ಕೇಳಿದ. ನೀನೇ ಲೆಕ್ಕ ಮಾಡು ಎಂದು ಹಾಳೆ ಕೊಟ್ಟೆ. ಗಂಟೆಗೆ 70 ಕಿಲೋಮೀಟರ್ ಅಂದರೆ ಸೆಕೆಂಡಿಗೆ 19 ಮೀಟರ್. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿ, ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಅಷ್ಟರಲ್ಲೇ ಗಾಡಿ 19 ಮೀಟರ್ ಮುಂದೆ ಹೋಗಿರುತ್ತದೆ. ಒಣ ಡಾಂಬರಿನ ಮೇಲೆ ಗಟ್ಟಿ ಬ್ರೇಕ್ ಹಿಡಿದರೂ ನಿಲ್ಲಲು ಇನ್ನೂ ಸುಮಾರು 27 ಮೀಟರ್ ಬೇಕು. ಅದೇ ಗಾಡಿ 35ರಲ್ಲಿ ಇದ್ದರೆ? ಒಂದು ಸೆಕೆಂಡಿಗೆ ಸುಮಾರು 10 ಮೀಟರ್, ಬ್ರೇಕ್ ಹಿಡಿದ ಮೇಲೆ 7 ಮೀಟರ್. ಒಟ್ಟು 17. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕರಷ್ಟಾಗುತ್ತದೆ. ಒಂಬತ್ತು ಹತ್ತನೇ ತರಗತಿಯ ಪಾಠವೇ ಇದು, ಹೊಸದೇನಲ್ಲ.

ಹುಡುಗ ಎರಡು ಅಂಕಿಗಳನ್ನು ನೋಡುತ್ತಾ ಕೂತ. 35ರಲ್ಲಿ ಬಂದವನು 17 ಮೀಟರಿನಲ್ಲಿ ಪೂರ್ತಿ ನಿಂತಿರುತ್ತಾನೆ. 70ರಲ್ಲಿ ಬಂದವನ ಕೈ ಅಲ್ಲಿಗೆ ಇನ್ನೂ ಬ್ರೇಕಿಗೇ ಹೋಗಿರುವುದಿಲ್ಲ. “ಹಂಗಾರ ಅವ್ರು ಅಡ್ಡ ಬಂದಿದ್ರೂ ನಿಲ್ತಿತ್ರಿ ಸರ್” ಅಂದ. ಆ ಹಾಳೆಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಹೋದ.

ನನ್ನ ಪಾಲಿನ ತಪ್ಪನ್ನೂ ಬರೆಯಬೇಕು. ಶಾಲೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ದಿನಾ ಏಳೆಂಟು ಗಾಡಿ ನಿಲ್ಲುತ್ತಿದ್ದವು. ನಮ್ಮ ಮಕ್ಕಳವೇ ಎಂದು ನನಗೆ ಗೊತ್ತಿತ್ತು. ಗೇಟಿನ ಒಳಗೆ ಬರದಿದ್ದರೆ ಸಾಕು ಅಂತ ಸುಮ್ಮನಿದ್ದೆ. ಅದರಲ್ಲಿ ಈ ಹುಡುಗನ ಗಾಡಿಯೂ ಎಷ್ಟೋ ಸಲ ಇತ್ತು. ಇದಕ್ಕೆ ನಾನು ಹೊಣೆ. ಬರುವ ಸೋಮವಾರದಿಂದ ಆ ಮರದ ಕೆಳಗೆ ನಾನೇ ನಿಲ್ಲುತ್ತೇನೆ. ಯಾವ ಮಗು ಗಾಡಿ ತಂದರೂ ಚಾವಿ ನನ್ನ ಟೇಬಲ್ಲಿಗೆ ಬರುತ್ತದೆ, ತಂದೆ ಅಥವಾ ತಾಯಿ ಬಂದರೆ ಮಾತ್ರ ವಾಪಸ್ಸು. ಹಳ್ಳಿಯಿಂದ ಬರುವ ಮಕ್ಕಳಿಗೆ ಬಸ್ಸಿನ ತೊಂದರೆ ಇದೆ, ಬಸ್ಸು ತುಂಬಿ ನಿಲ್ಲಿಸದೇ ಹೋಗುತ್ತದೆ ಎನ್ನುವುದೂ ನಿಜ. ಯಾವ ಊರು, ಎಷ್ಟು ಗಂಟೆಯ ಬಸ್ಸು ಎಂದು ಬರೆದು ಕಳಿಸಿ. ಎಲ್ಲ ಸೇರಿಸಿ ಡಿಪೊಗೆ ನಾನೇ ಹೋಗಿ ಅರ್ಜಿ ಕೊಡುತ್ತೇನೆ.

ಕಾನೂನು ನಿಮಗೆ ಗೊತ್ತಿರಲಿ. ಗಾಡಿಯ ಲೈಸೆನ್ಸಿಗೆ 18 ತುಂಬಬೇಕು. ಗೇರ್ ಇಲ್ಲದ 50 ಸಿಸಿ ಒಳಗಿನ ಗಾಡಿಗೆ ಮಾತ್ರ 16. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 199ಎ ಎಂಬ ಕಲಂ ಸೇರಿಸಿದ್ದಾರೆ. ಅದರ ಪ್ರಕಾರ 18 ತುಂಬದ ಮಗು ಗಾಡಿ ಓಡಿಸಿ ತಪ್ಪು ಮಾಡಿದರೆ ತಂದೆ ತಾಯಿ ಅಥವಾ ಗಾಡಿಯ ಮಾಲೀಕ ತಪ್ಪಿತಸ್ಥ. ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವರು ಓಡಿಸಿದ್ದರೆ ವಿಮೆ ಕಂಪನಿ ಗಾಯಾಳುವಿಗೆ ಕೊಟ್ಟ ಹಣವನ್ನು ಮಾಲೀಕನಿಂದ ವಸೂಲಿಗೆ ಕೇಳಬಹುದು. ನನಗೇನೂ ಗೊತ್ತಿರಲಿಲ್ಲ, ಇಲ್ಲವೇ ತಡೆಯಲು ಆಗುವಷ್ಟು ತಡೆದಿದ್ದೆ ಎಂದು ತೋರಿಸಬಲ್ಲ ತಂದೆ ತಾಯಿ ಅಥವಾ ಮಾಲೀಕರಿಗೆ ಮಾತ್ರ ಆ ಜೈಲು, ದಂಡದಿಂದ ಬಿಡುಗಡೆ. ಚಾವಿ ಮೊಳೆಗೆ ತೂಗುಹಾಕಿ, “ಲಗೂ ಬಾ” ಎಂದು ಕಳಿಸಿದವರು ಅದನ್ನು ಹೇಗೆ ತೋರಿಸುತ್ತೀರಿ?

ಈಗ ಕಬ್ಬಿನ ಹಂಗಾಮು ಬೇರೆ. ಮುಧೋಳ, ಜಮಖಂಡಿ, ಬೀಳಗಿ ಕಡೆ ಎರಡೆರಡು ಟ್ರೇಲರ್ ಎಳೆದುಕೊಂಡು ರಾತ್ರಿಯೆಲ್ಲ ಟ್ರ್ಯಾಕ್ಟರ್ ಓಡುತ್ತವೆ. ಎಷ್ಟೋ ಟ್ರೇಲರಿಗೆ ಹಿಂದೆ ದೀಪವೂ ಇರುವುದಿಲ್ಲ, ರಿಫ್ಲೆಕ್ಟರೂ ಇರುವುದಿಲ್ಲ. ನಿಮ್ಮಲ್ಲೇ ಟ್ರ್ಯಾಕ್ಟರ್ ಇರುವವರು ಇದ್ದೀರಿ. ದಯವಿಟ್ಟು ಇವತ್ತೇ ರಿಫ್ಲೆಕ್ಟರ್ ಅಂಟಿಸಿ.

ರಸ್ತೆಯಲ್ಲಿ ಯಾರಾದರೂ ಬಿದ್ದಿರುವುದು ಕಂಡರೆ ನಿಲ್ಲಿ. 108ಕ್ಕೋ 112ಕ್ಕೋ ಫೋನ್ ಮಾಡಿ. ಸಹಾಯ ಮಾಡಿದವರನ್ನು ಕೇಸಿನಲ್ಲಿ ಸಿಕ್ಕಿಸುವಂತಿಲ್ಲ, ಹೆಸರು ಹೇಳು ಎಂದು ಒತ್ತಾಯ ಮಾಡುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆ ಮತ್ತು ಅದರ ನಿಯಮಗಳಲ್ಲಿದೆ. ಆ ಆಟೊದವರಿಗೆ ಇದು ಗೊತ್ತಿತ್ತೋ ಇಲ್ಲವೋ, ಅವರು ನಿಂತರು.

ತಪ್ಪು ಮಾಡಿದ ಮಗು ಮನೆಯಲ್ಲಿದ್ದರೆ ಹೊಡೆಯಬೇಡಿ. ಏನೂ ಆಗಿಲ್ಲ ಎಂದು ಒರೆಸಿ ಹಾಕಲೂ ಬೇಡಿ. ಪಕ್ಕದಲ್ಲಿ ಕೂತು ಅದು ಹೇಳುವುದನ್ನು ಕೇಳಿ. ನಿದ್ದೆ ಇಲ್ಲ, ಊಟ ಇಲ್ಲ, ನಾನು ಇರಬಾರದಿತ್ತು ಎಂಬಂಥ ಮಾತು ಬಂದರೆ ಒಂಟಿಯಾಗಿ ಬಿಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ದುಡ್ಡಿಲ್ಲದೆ, ಮಾತಾಡುತ್ತಾರೆ. ನನ್ನ ಕೋಣೆಯ ಬಾಗಿಲೂ ತೆರೆದಿರುತ್ತದೆ.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಶಾಲೆಯಲ್ಲಿ ಸಭೆ ಇದೆ. ತಾಯಂದಿರು ಮಾತ್ರ ಬಂದರೆ ಸಾಲದು, ಗಾಡಿ ಯಾರ ಹೆಸರಿನಲ್ಲಿದೆಯೋ ಅವರೂ ಬರಬೇಕು. ಕಾಕಾ ಇರಲಿ, ಮಾವ ಇರಲಿ, ಅಣ್ಣ ಇರಲಿ. ನಾನು ಮರುದಿನ ರವಿವಾರ ಬೀಳಗಿ ಕಡೆಯ ಆ ಊರಿಗೆ ಹೋಗುತ್ತೇನೆ. ಆ ಮಗ ಇನ್ನೂ ಅಲ್ಲೇ ಇದ್ದಾನೆ ಎಂದು ವಿಚಾರಿಸಿಕೊಂಡಿದ್ದೇನೆ.

ಹುಡುಗ ಸೋಮವಾರ ಶಾಲೆಗೆ ಬರುತ್ತಾನೆ, ಸೈಕಲ್ ಮೇಲೆ. ದಾರಿಯಲ್ಲಿ ಆ ತಾಯಿಯ ಮನೆಗೆ ಒಂದು ಕೊಡ ಕುಡಿಯುವ ನೀರು ತಂದಿಟ್ಟು ಬರುತ್ತೇನೆ ಅಂದಿದ್ದಾನೆ, ಅವರು ಬೇಡ ಅನ್ನಲಿಲ್ಲ. ಹಾಗಾಗಿ ಪ್ರಾರ್ಥನೆಗೆ ಸ್ವಲ್ಪ ತಡವಾದರೆ ಯಾರೂ ಕೇಳಬೇಡಿ ಎಂದು ಶಿಕ್ಷಕರಿಗೆ ಹೇಳಿದ್ದೇನೆ. ನಿಮ್ಮ ಮಕ್ಕಳಿಗೂ ಹೇಳಿ ಕಳಿಸಿ.

ನಿಮ್ಮ,
ಮುಖ್ಯೋಪಾಧ್ಯಾಯ
ನವನಗರ, ಬಾಗಲಕೋಟೆ