ಮೋಡಿ ಓದಿಕೊಟ್ಟ ಹಿರಿಯರಿಗೆ

ವಿಜಯಪುರದ ಕಚೇರಿ ಕಟ್ಟೆ ಮೇಲೆ ಕೂತಿದ್ದ ಹಿರಿಯರೇ, ಅವತ್ತು ನಿಮ್ಮ ಹೆಸರು ಕೇಳೋದನ್ನೇ ಮರೆತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮುತ್ತಜ್ಜ ದೊಡ್ಡಮನೆಯ ಮಗನಲ್ಲ, ಎಲ್ಲಿಂದಲೋ ತಂದು ಸಾಕಿದ ಹುಡುಗ ಅಂತ ಊರಲ್ಲಿ ಮಾತಿತ್ತು. ಆ ಮಾತು ಬಂದಾಗೆಲ್ಲ ನಮ್ಮ ಅಜ್ಜ ಎದ್ದು ಹೋಗುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಒಂದೇ ಕಾಗದ. ಮುಂಬಯಿ ಪ್ರಾಂತ್ಯದ ಕಾಲದ್ದು, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ. ಕೈ ಎತ್ತದೆ ಬರೆದ ಅಕ್ಷರ, ಪದ ಎಲ್ಲಿ ಮುಗಿಯಿತು ಅಂತಲೇ ತಿಳಿಯದು. ನೀವು ಕನ್ನಡಕ ಹಣೆಗೇರಿಸಿ, ಬೆರಳಿಟ್ಟು ಓದಿದಿರಿ. "ದತ್ತಕ ಅಂತ ಎಲ್ಲೂ ಇಲ್ಲೋ ತಮ್ಮಾ, ಮಗ ಅಂತನ ಐತಿ."

ಕಾಗದ ಒಂದನ್ನೇ ನಂಬಬೇಡ, ಡಿಎನ್‌ಎ ಮಾಡಿಸು ಅಂದವರೂ ನೀವೇ. ಗಂಡಸರಲ್ಲಿರುವ ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಹೆಚ್ಚು ಬದಲಾಗದೆ ಇಳಿಯುತ್ತದೆ, ನಮ್ಮ ಮನೆ, ದೊಡ್ಡಮನೆ ಎರಡರ ಗಂಡಸರದ್ದೇ ಬೇಕು ಅಂದಿರಿ.

ಅಜ್ಜನದೂ ದೊಡ್ಡಮನೆ ಕಾಕಾನದೂ ಹೊಂದಿತು. ಹುಟ್ಟಿಸಿದ್ದು ಅಣ್ಣನೋ ತಮ್ಮನೋ ಅಂತ ಈ ಪರೀಕ್ಷೆ ಹೇಳುವುದಿಲ್ಲ, ಗೊತ್ತಿದೆ. ಆದರೆ ರಕ್ತ ಆ ಮನೆಯದೇ. ನಮಗೆ ಅಷ್ಟು ಸಾಕು.

ನೀವು ದುಡ್ಡು ಮುಟ್ಟಲಿಲ್ಲ. ಅರ್ಧ ಕಪ್ ಚಹಾ ಕುಡಿದಿರಿ, ಅಷ್ಟೇ. ಫಲಿತಾಂಶ ಓದಿದಾಗ ಅಜ್ಜ ಈ ಸಲ ಎದ್ದು ಹೋಗಲಿಲ್ಲ. ಇನ್ನೊಮ್ಮೆ ಓದು ಅಂದರು.