ಹುಲ್ಲಿನ ಕಾಲ ನೋಡಿ ಶಿಬಿರ ಇಡಿ

ಮಾನ್ಯ ಸಂಪಾದಕರೇ,

ಕಾವಲಿನ, ಅಂದರೆ ದನ-ಕುರಿ ಮೇಯುವ ಹುಲ್ಲುಬಯಲಿನ, ಪಕ್ಕದ ಹಳ್ಳಿಯಲ್ಲಿ ನಾಲ್ಕು ದಿನದ ಶಿಬಿರ ಹೂಡಿ ಜನಪದ ಹಾಡು, ಕಂಬಳಿ ನೇಯ್ಗೆ, ಮಣ್ಣುಬಣ್ಣದ ಚಿತ್ರ ಕಲಿಯುವುದು, ಜೊತೆಗೆ ಹುಲ್ಲುಗಾವಲು ಚಿಗುರಿಸಲು ಕೈಹಚ್ಚುವುದು ಒಳ್ಳೆಯ ಯೋಚನೆ. ಕಾಡುಗೊಲ್ಲರ ಗಣೆ ಎಂಬ ಕೊಳಲು, ಕುರುಬರ ಡೊಳ್ಳು, ಕಂಬಳಿ ಎಲ್ಲವೂ ದನ-ಕುರಿಗಳ ಹಿಂದೆ ನಡೆದು ಬಂದವೇ. ಆದರೆ ಉದ್ಘಾಟನೆಗೆಂದು ಗಣ್ಯರ ಕೈಯಲ್ಲಿ ಹೊಂಗೆ ಸಸಿ ನೆಡಿಸಿದರೆ ಕೆಲಸ ಅಲ್ಲೇ ಕೆಟ್ಟಿತು. ಕಾವಲು ಮರ ಕಳೆದುಕೊಂಡ ಕಾಡಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಹುಭಾಗ ನೀಲಗಿರಿ ತೋಪಾಗಿದ್ದು, ಬಯಲನ್ನೇ ನಂಬಿದ ಎರೆಭೂತ ಹಕ್ಕಿ ಅಲ್ಲಿಂದ ಮರೆಯಾಗಿದ್ದು ಮರೆಯುವ ಸಂಗತಿಯಲ್ಲ.

ಶಿಬಿರ ಒಂದಲ್ಲ, ಎರಡು ಬೇಕು. ಮೊದಲನೆಯದು ನವೆಂಬರ್ ಆಸುಪಾಸು, ಹುಲ್ಲಿನ ಬೀಜ ಆಯಲು. ಜನವರಿ ರಜೆ ನೋಡಿಕೊಂಡು ಇಟ್ಟರೆ ಬೀಜವೆಲ್ಲ ಉದುರಿಹೋಗಿರುತ್ತದೆ. ತೆನೆಯನ್ನು ಬೆರಳಲ್ಲಿ ಸವರಿದಾಗ ಬೀಜ ತಾನಾಗಿ ಕೈಗೆ ಬರಬೇಕು. ಜಗ್ಗಬೇಕಾದರೆ ಇನ್ನೂ ಬಲಿತಿಲ್ಲ. ಉಗುರಲ್ಲಿ ಒತ್ತಿ ನೋಡಿ, ಜೊಳ್ಳೇ ಹೆಚ್ಚಿರುತ್ತದೆ. ಒಂದು ಹುಲ್ಲುಗುತ್ತಿಯಿಂದ ಅರ್ಧಕ್ಕಿಂತ ಹೆಚ್ಚು ಕೀಳಬಾರದು. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ಬೆವರಿ ಬೂಸು ಹಿಡಿಯುತ್ತದೆ. ಹಲವು ಹುಲ್ಲುಗಳ ಹೊಸ ಬೀಜ ತಿಂಗಳುಗಟ್ಟಲೆ ಮೊಳೆಯುವುದಿಲ್ಲ, ಹಾಗಾಗಿ ಮುಂದಿನ ಮಳೆಯವರೆಗೆ ಕಾಯುವುದೇ ಸರಿ. ಕಂಬಳಿ ನೇಯ್ಗೆಯೂ ಈ ಕಂತಿಗೇ ಇರಲಿ: ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿ ಒಣಗಲು ಬಿಸಿಲು ಬೇಕು. ಮಳೆಗಾಲದಲ್ಲಿ ಚರ್ಮ ಸಡಿಲಾಗಿ ಡೊಳ್ಳು, ತಮಟೆ ಮಂಕಾಗುತ್ತವೆ. ಮಳೆಗಾಲದ ಎರಡನೆಯ ಕಂತಿಗೆ ಬರಿಗಂಟಲಿನ ಪದಗಳೇ ಸಾಕು.

ಎರಡನೆಯದು ಮುಂಗಾರು ಹದವಾದ ಮೇಲೆ. ಊಬು (ತುದಿಯ ಒರಟು ಕೂದಲು) ಇರುವ ಬೀಜ ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಎರಚಿದರೆ ಗಂಟುಗಂಟಾಗಿ ಬೀಳುತ್ತದೆ. ಒಂದು ಪಾಲು ಬೀಜ, ಒಂದು ಪಾಲು ಸಗಣಿ, ಮೂರು ಪಾಲು ಜೇಡಿಮಣ್ಣು, ಒಂದು ಪಾಲು ಮರಳು ಕಲಸಿ ಕಡಲೆಕಾಳಿನ ಗಾತ್ರದ ಗುಳಿಗೆ ಮಾಡಿ. ಫೋಟೊಗೆ ಚೆಂದವೆಂದು ನಿಂಬೆಗಾತ್ರದ ಉಂಡೆ ಕಟ್ಟಿದರೆ ನಡುವಿನ ಬೀಜ ಹೊರಗೆ ಬರುವುದೇ ಇಲ್ಲ. ಎಕರೆಗೆ ಎರಡು ಕಿಲೊ ಬೀಜ ಸಾಕು, ಒಂದು ಸೆಂಟಿಮೀಟರ್‌ಗಿಂತ ಆಳ ಬೇಡ. ಟ್ರ್ಯಾಕ್ಟರ್ ಹೊಡೆಸಬೇಡಿ: ಉಳಿದ ಗುತ್ತಿಗಳೂ ಕಿತ್ತುಬಂದು, ಕೆದಕಿದ ಮಣ್ಣಲ್ಲಿ ಪಾರ್ಥೇನಿಯಂ ಕಳೆ ಮೊದಲು ಏಳುತ್ತದೆ. ಬೀಜದ ಬದಲು ಗುತ್ತಿಯಿಂದ ಬೇರುಸಹಿತ ಸೀಳಿದ ಹಿಳ್ಳೆಗಳನ್ನು ಅರ್ಧ ಮೀಟರಿಗೊಂದರಂತೆ ನೆಟ್ಟರೆ ಗುಂಟೆಗೆ ಸುಮಾರು 400 ಬೇಕು. ಮೂವತ್ತು ಜನ ತಲಾ 50 ನೆಟ್ಟರೂ ನಾಲ್ಕು ಗುಂಟೆ ಮುಗಿಯದು. ಅಷ್ಟೇ ಹೇಳಿಕೊಳ್ಳಿ, ಹತ್ತು ಎಕರೆ ಎಂದು ಬ್ಯಾನರ್ ಕಟ್ಟಬೇಡಿ.

ಕಾವಲಿಗೆ ನುಗ್ಗುವ ಮುಳ್ಳುಗಿಡ ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಐದು ಚಿಗುರುತ್ತವೆ. ಬುಡವನ್ನು ಒಂದಡಿ ಕೆಳಗಿನಿಂದ ಅಗೆದು ತೆಗೆಯಬೇಕು, ಕಾಯಿ ಬಲಿಯುವ ಮೊದಲೇ. ಕಾಯಿ ತಿಂದ ಮೇಕೆ-ದನಗಳ ಹಿಕ್ಕೆ, ಸಗಣಿಯಲ್ಲೇ ಅದು ಊರೆಲ್ಲ ಹಬ್ಬುತ್ತದೆ.

ಬಿತ್ತಿದ ತಾಕಿನಲ್ಲಿ ಮೊದಲ ವರ್ಷ ಮೇಯಿಸುವುದು ಬೇಡ. ಇದನ್ನು ಕುರಿಗಾಹಿಗಳ ಜೊತೆ ಕೂತು ಮೊದಲೇ ಒಪ್ಪಿಸಿಕೊಳ್ಳಬೇಕು. ಹಾಗೆಂದು ಕಾಯಂ ಬೇಲಿಯೂ ತಪ್ಪು. ಮೇಯದ ಹುಲ್ಲು ಒಣಗಿ ಹಾಸಿಕೊಂಡು ತನ್ನ ಚಿಗುರನ್ನೇ ಮುಚ್ಚುತ್ತದೆ. ಅಮೆರಿಕದ ಮ್ಯಾಡಿಸನ್‌ನಲ್ಲಿ 1930ರ ದಶಕದಿಂದ ಪ್ರೇರಿಯನ್ನು (ಅಲ್ಲಿನ ಹುಲ್ಲುಬಯಲು) ಮರಳಿ ಬೆಳೆಸುವ ಕೆಲಸ ನಡೆದಿದೆ, ಅಲ್ಲಿ ಲೆಕ್ಕಹಾಕಿ ಬೆಂಕಿ ಇಡುತ್ತಾರೆ. ಅದನ್ನು ಓದಿ ಇಲ್ಲಿ ಕಡ್ಡಿ ಗೀರುವುದು ಬೇಡ. ನಮ್ಮ ಕಾವಲಿಗೆ ಸರದಿಯಂತೆ ಮೇಯಿಸುವುದೇ ಸಾಕು.

ಬೆಂಕಿಯ ಮಾತು ಬಂದಿದ್ದಕ್ಕೆ ಇನ್ನೊಂದು. ತಮಟೆ ಕಾಯಿಸಲು ಒಣಹುಲ್ಲು ಉರಿಸುತ್ತಾರಲ್ಲ, ಅದರ ಒಂದು ಕಿಡಿ ಸಾಕು. ಹುಲ್ಲಿಲ್ಲದ ಕಣದಲ್ಲಿ, ಗುಂಡಿ ತೋಡಿ, ಎರಡು ಕೊಡ ನೀರಿಟ್ಟುಕೊಂಡೇ ಕಾಯಿಸಲಿ.

– ಕಾವಲು ಸೀಮೆಯ ಓದುಗರು, ಚಿತ್ರದುರ್ಗ ಜಿಲ್ಲೆ