ಸಾಸ್ ಮಿಕ್ಸ್ ಪ್ಯಾಕೆಟ್ ಹಗುರ ಆಗಿದ್ದು ಯಾಕೆ

ನಮಸ್ಕಾರ,

ನಮ್ಮ ಇಟಾಲಿಯನ್ ಸ್ಟೈಲ್ ಟೊಮ್ಯಾಟೊ ಸಾಸ್ ಮಿಕ್ಸ್‌ನ ಹೊಸ ಪ್ಯಾಕೆಟ್ ಕೈಗೆ ಸಿಕ್ಕಿದ್ದೇ ತಡ ಸುಮಾರು ಜನ ಕೇಳಿದ್ದು ಒಂದೇ, 40 ಗ್ರಾಂ ಇದ್ದಿದ್ದು 22 ಯಾಕಾಯ್ತು, ಸದ್ದಿಲ್ದೆ ಕಮ್ಮಿ ಮಾಡ್ಬಿಟ್ರಾ ಅಂತ. ಕೇಳಿದ್ದು ಸರಿನೇ, ಮೊದ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ, ತಪ್ಪು ನಮ್ದು.

ತೆಗೆದಿದ್ದು ಕಾರ್ನ್‌ಫ್ಲೋರ್ ಮತ್ತೆ ಸಕ್ಕರೆ ಅಷ್ಟೇ. ಹಳೇದ್ರಲ್ಲಿ ಹತ್ತಿರ ಹತ್ತಿರ ಅರ್ಧ ಅವೆರಡೇ ಇತ್ತು. ಓರೆಗಾನೊ, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಚಿಲ್ಲಿ ಫ್ಲೇಕ್ಸ್, ಉಪ್ಪು ಚಿಟಿಕೆನೂ ಕಮ್ಮಿ ಆಗಿಲ್ಲ, ಈಗ್ಲೂ ಒಂದು ಕೆಜಿ ಟೊಮ್ಯಾಟೊಗೆ ಒಂದು ಪ್ಯಾಕೆಟ್.

ಕಾರ್ನ್‌ಫ್ಲೋರ್ ಇದ್ರೆ ಸಾಸ್ ಎರಡು ನಿಮಿಷಕ್ಕೆ ಗಟ್ಟಿ ಆಗುತ್ತೆ ನಿಜ, ಆದ್ರೆ ಮಿಕ್ಕಿದ್ದನ್ನ ಫ್ರಿಜ್ಜಲ್ಲಿಟ್ಟು ಮಾರನೇ ದಿನ ತೆಗೆದ್ರೆ ಬಟ್ಟಲಿನ ಆಕಾರದಲ್ಲೇ ಜೆಲ್ಲಿ ಥರ ನಡುಗ್ತಾ ಎದ್ದು ಬರೋದು, ನಮಗೇ ನೋಡೋಕೆ ಬೇಜಾರು. ಇನ್ನೊಂದು ತೊಂದ್ರೆ ಅಂದ್ರೆ ಆ ಮಿಕ್ಸನ್ನ ಬಿಸಿ ಎಣ್ಣೆಗೆ ಹಾಕೋ ಹಾಗಿರ್ಲಿಲ್ಲ, ಒಣ ಓರೆಗಾನೊ ಘಮ ನೀರಿಗಿಂತ ಎಣ್ಣೇಲೇ ಚೆನ್ನಾಗಿ ಬಿಡೋದು. ಈಗ ಆಲಿವ್ ಆಯಿಲ್ ಸಣ್ಣ ಉರೀಲಿ ಬೆಚ್ಚಗಾದ್ಮೇಲೆ ಮಿಕ್ಸ್ ಹಾಕಿ 20 ಸೆಕೆಂಡ್, ಜಾಸ್ತಿ ಬೇಡ, ಬೆಳ್ಳುಳ್ಳಿ ಪುಡಿ ಕಂದಿದ್ರೆ ಇಡೀ ಸಾಸ್ ಕಹಿ, ತಕ್ಷಣ ಟೊಮ್ಯಾಟೊ ಸುರಿದು ಮುಚ್ಚಳ ತೆಗೆದೇ 25-30 ನಿಮಿಷ ಬತ್ತಿಸಿ. ಹುಳಿ ಜಾಸ್ತಿ ಅನ್ಸಿದ್ರೆ ಸಕ್ಕರೆ ನೀವೇ ಹಾಕ್ಕೊಳ್ಳಿ, ಟೊಮ್ಯಾಟೊ ಎಲ್ಲಾ ಸಲ ಒಂದೇ ಥರ ಇರಲ್ವಲ್ಲ. ಒಣಗಿದ ಬೇಸಿಲ್‌ಗೆ ಘಮ ಅಷ್ಟಕ್ಕಷ್ಟೇ, ಹಸಿ ಎಲೆ ಸಿಕ್ಕಿದ್ರೆ ಒಲೆ ಆರಿಸಿದ್ಮೇಲೆ ಹರಿದು ಹಾಕಿ.

ಸಕ್ಕರೆ ಇಲ್ದಿರೋದೇ ಅಸಲಿ ಇಟಾಲಿಯನ್ನಾ ಅಂತಾನೂ ಒಬ್ರು ಕೇಳಿದ್ರು. ಆ ಜಗಳಕ್ಕೆ ನಾವಿಲ್ಲಪ್ಪ, 1690ರ ದಶಕದಲ್ಲಿ ನೇಪಲ್ಸಲ್ಲಿ ಅಚ್ಚಾದ ಟೊಮ್ಯಾಟೊ ಸಾಸ್ ರೆಸಿಪಿಗೇ 'ಸ್ಪ್ಯಾನಿಷ್ ಶೈಲಿ' ಅಂತ ಹೆಸರು ಇಟ್ಟಿದ್ರು.

ಒಂದು ಎಡವಟ್ಟೂ ಆಗಿದೆ. ಕಾರ್ನ್‌ಫ್ಲೋರು ಪುಡಿ ಗಂಟು ಕಟ್ಟದ ಹಾಗೂ ನೋಡ್ಕೊಳ್ತಿತ್ತು, ಅದು ಹೋದ್ಮೇಲೆ ಬೆಳ್ಳುಳ್ಳಿ, ಈರುಳ್ಳಿ ಪುಡಿ ಗಾಳೀಲಿರೋ ತೇವ ಎಳ್ಕೊಂಡು ಮೊದಲ ಬ್ಯಾಚ್ ಜರಡೀಲಿ ಕಲ್ಲಿನ ಥರ ಕೂತಿತ್ತು. ಅದನ್ನ ಕಳಿಸಿಲ್ಲ, ಈಗ ಪುಡಿ ಬದ್ಲು ರವೆ ಥರ ತರಿತರಿ ಇರೋದು ಬಳಸ್ತಿದೀವಿ. ಆದ್ರೂ ತೆರೆದ ಪ್ಯಾಕೆಟನ್ನ ಕುದಿಯೋ ಪಾತ್ರೆ ಮೇಲೆ ಹಿಡಿದು ಉದುರಿಸ್ಬೇಡಿ, ಆವಿ ತಾಗಿದ್ರೆ ಮುಗೀತು.

ಹಳೇ 40 ಗ್ರಾಂ ಪ್ಯಾಕೆಟ್ ಮನೇಲಿ ಉಳಿದಿದ್ರೆ ಅದನ್ನ ಮಾತ್ರ ಎಣ್ಣೆಗೆ ಹಾಕ್ಬೇಡಿ, ತಳ ಹಿಡಿಯುತ್ತೆ, ಮುಂಚಿನ ಹಾಗೆ ತಣ್ಣೀರಲ್ಲಿ ಕಲಸಿ ಕೊನೇಲಿ ಹಾಕಿ.